ನ್ಯೂಟನ್ ಹೀತ್‌ನಲ್ಲಿರುವ ಮಗಳಿಗೆ

ಹುಬ್ಬಳ್ಳಿ
ಭಾನುವಾರ ಮುಂಜಾನೆ

ನನ್ನವ್ವಾ,

ಆಶೀರ್ವಾದ. ನಿನ್ನ ಕೆಲಸದ ತಕರಾರು ಅರ್ಜಿಯ ಬಗ್ಗೆ ಗುರುವಾರ ಫೋನಿನಲ್ಲಿ ಆಡಿದ ಮಾತು ನಿನಗೂ ನೆನಪಿದೆ, ನನಗೂ ಇದೆ. ಅದನ್ನು ಮತ್ತೆ ಇಲ್ಲಿ ಕೆದಕುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿಮ್ಮವ್ವ ನಮ್ಮಿಬ್ಬರ ಮೇಲಿನ ಸಿಟ್ಟನ್ನೂ ಕೂಡಿಸಿ ನನ್ನೊಬ್ಬನ ಮೇಲೆ ತೀರಿಸುತ್ತಿದ್ದಾಳೆ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಟಿಕ್ ಬಂತೋ ಇಲ್ಲವೋ ಅಂತ ನೋಡುತ್ತ ಕೂರಬೇಕಾಗುತ್ತದೆ, ಅದಕ್ಕೆ ಕಾಗದ. ಬರೆದು ಮುಗಿದ ಮೇಲೆ ಪಕ್ಕದ ಮನೆಯ ಹುಡುಗನಿಗೆ ಹೇಳಿ ಸ್ಕ್ಯಾನ್ ಮಾಡಿಸಿ ಕಳಿಸುತ್ತೇನೆ.

ನೀನು ಮ್ಯಾಂಚೆಸ್ಟರಿನಲ್ಲಿ ಬಾಡಿಗೆ ಮನೆ ಹಿಡಿದ ಏರಿಯಾದ ಹೆಸರು ಮೊದಲ ಸಲ ಹೇಳಿದಾಗ ನಾನು ಎರಡು ಸಲ ಕೇಳಿದ್ದೆ. ನಿನಗದು ಬಸ್ಸು ಸಿಗುವ, ಬಾಡಿಗೆ ಕಡಿಮೆ ಇರುವ ಜಾಗ. ನಾನು ರೈಲಿನ ಡಬ್ಬಿಗಳ ಕೆಳಗೆ ಮಲಗಿ ಪಗಾರ ಎಣಿಸಿದವನು, ವರ್ಕ್‌ಶಾಪಿನ ಫುಟ್‌ಬಾಲ್ ತಂಡಕ್ಕೆ ಬ್ಯಾಕ್ (ಗೋಲಿನ ಮುಂದೆ ನಿಂತು ತಡೆಯುವವನು) ಆಡಿದವನು. ನನ್ನಂಥವನಿಗೆ ನ್ಯೂಟನ್ ಹೀತ್ ಅಂದರೆ ನಮ್ಮದೇ ಕೆಲಸದವರ ಊರು. 1878ರಲ್ಲಿ ಲ್ಯಾಂಕಾಷೈರ್ ಆ್ಯಂಡ್ ಯಾರ್ಕ್‌ಷೈರ್ ರೈಲ್ವೆಯ ಕ್ಯಾರೇಜ್ ಆ್ಯಂಡ್ ವ್ಯಾಗನ್ ವಿಭಾಗದವರು ಅಲ್ಲಿ ಒಂದು ಫುಟ್‌ಬಾಲ್ ತಂಡ ಕಟ್ಟಿದರು. ಇಂಜಿನ್ನಿನವರು ಇವರ ಜೊತೆ ಸೇರಲಿಲ್ಲ, ಅವರದು ಬೇರೆ ತಂಡ. (ಇಂಜಿನ್ನಿನವರು ಎಲ್ಲ ದೇಶದಲ್ಲೂ ಹಾಗೇ, ತಾವೇ ರೈಲು ಅಂದುಕೊಂಡಿರುತ್ತಾರೆ.) ಅಂಗಿ ಹಸಿರು ಮತ್ತು ಬಂಗಾರದ ಬಣ್ಣ. ಇದೇ ತಂಡ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು ಅಂದರೆ ನಿನ್ನ ತಮ್ಮ ನಂಬಲಿಲ್ಲ. ಕೆಂಪಂಗಿಯವರಿಗೆ ಹಸಿರು ಹೇಗೆ ಬಂತು ಅಂತ ನನ್ನನ್ನೇ ಕೇಳಿದ.

ನೀನು ಕೆಲಸಕ್ಕೆ ಹೋಗುವ ಆ ಓಲ್ಡ್‌ಹ್ಯಾಮ್ ರಸ್ತೆಯಲ್ಲೇ ತ್ರೀ ಕ್ರೌನ್ಸ್ ಅನ್ನುವ ಪಬ್ ಇತ್ತು. ಆಟಗಾರರು ಅಲ್ಲಿ ಬಟ್ಟೆ ಬದಲಿಸಿ ನಾರ್ತ್ ರಸ್ತೆಯ ಮೈದಾನದ ತನಕ ನಡೆದು ಹೋಗಬೇಕಿತ್ತು. ರೈಲು ಅಂಗಳದ ಪಕ್ಕದ ಜಾಗ, ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕೆಸರು. ದಾಖಲೆಗೆ ಸಿಗುವ ಮೊದಲ ಪಂದ್ಯ 1880ರ ನವೆಂಬರಿನದು. ಬೋಲ್ಟನ್ ವಾಂಡರರ್ಸ್‌ನ ಎರಡನೇ ತಂಡ ಇವರಿಗೆ 6-0 ಬಾರಿಸಿತು.

1885ರಲ್ಲಿ ಹಣ ಕೊಟ್ಟು ಆಡಿಸುವುದು ಇಂಗ್ಲೆಂಡಿನಲ್ಲಿ ಕಾನೂನಿಗೆ ಒಪ್ಪಿತವಾಯಿತು. ಮರುವರ್ಷವೇ ಇವರು ವೇಲ್ಸಿನಿಂದ ಆಟಗಾರರನ್ನು ತಂದರು. ಜ್ಯಾಕ್ ಪೊವೆಲ್ ನಾಯಕನಾದ. ಜ್ಯಾಕ್ ಡೌಟಿ, ರೋಜರ್ ಡೌಟಿ ಅಂತ ಅಣ್ಣತಮ್ಮಂದಿರು ಬಂದರು. ಆಟಕ್ಕೆ ಒಂದಿಷ್ಟು ದುಡ್ಡು, ಹೊಟ್ಟೆಗೆ ರೈಲ್ವೆಯ ನೌಕರಿ. 1888ರಲ್ಲಿ ವೇಲ್ಸ್ ತಂಡ ಐರ್ಲೆಂಡನ್ನು 11-0ರಿಂದ ಸೋಲಿಸಿದಾಗ ನಾಲ್ಕು ಗೋಲು ಜ್ಯಾಕ್‌ನದು, ಎರಡು ರೋಜರ್‌ನದು. ವಾರವಿಡೀ ವರ್ಕ್‌ಶಾಪಿನಲ್ಲಿ ಮೈಮುರಿದು ದುಡಿದ ಅಣ್ಣತಮ್ಮ ಒಂದು ದೇಶಕ್ಕೆ ಅರ್ಧ ಡಜನ್ ಗೋಲು ಹಾಕಿದರು! ಇವತ್ತು ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್ ಮುಂದೆ ನಿಂತು ಡೌಟಿ ಅಂದರೆ ಎಷ್ಟು ಜನ ತಿರುಗಿ ನೋಡುತ್ತಾರೆ, ಒಮ್ಮೆ ಕೇಳಿ ನೋಡು.

ಆ ಪೊವೆಲ್ ಇದ್ದನಲ್ಲ, ಭಾಳ ಹಟಮಾರಿ. 1886ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಮಂಡಳಿಯಾದ ಎಫ್‌ಎ ನಡೆಸುವ ಕಪ್ಪಿನಲ್ಲಿ ಇವರ ಮೊದಲ ಪಂದ್ಯ, ಫ್ಲೀಟ್‌ವುಡ್ ರೇಂಜರ್ಸ್ ಮೇಲೆ. 2-2 ಸಮ. ರೆಫರಿ ಹೆಚ್ಚಿನ ಸಮಯ ಆಡಿ ಅಂದರೆ ಪೊವೆಲ್ ಆಡುವುದಿಲ್ಲ ಅಂದುಬಿಟ್ಟ. ಪಂದ್ಯವನ್ನು ಫ್ಲೀಟ್‌ವುಡ್‌ಗೆ ಬರೆದುಕೊಟ್ಟರು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಯಾರು ಬಂದರು ಅಂತ ನಾನು ಹೇಳಬೇಕಾಗಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1892ರಲ್ಲಿ ಮೊದಲ ದರ್ಜೆಯ ಲೀಗಿಗೆ ಹತ್ತಿದರು. ವುಲ್ವ್ಸ್ ಮೇಲೆ 10-1 ಗೆದ್ದೂ ಆ ವರ್ಷ ಕಟ್ಟಕಡೆಗೆ ನಿಂತರು. ರೈಲ್ವೆಯ ನೆರಳು ಬಿಟ್ಟು ಕ್ಲೇಟನ್ನಿನ ಬ್ಯಾಂಕ್ ಸ್ಟ್ರೀಟಿಗೆ ಹೋದರೆ ಅಲ್ಲಿ ರಾಸಾಯನಿಕ ಕಾರ್ಖಾನೆಗಳ ಹೊಗೆ. 1895ರಲ್ಲಿ ವಾಲ್ಸಾಲ್ ತಂಡದವರು ಇದೇನು ಮೈದಾನವೇ ಅಂತ ಮೊದಲೇ ತಕರಾರು ಹಾಕಿ ಆಡಿ, 14-0 ಸೋತು, ಆ ಪಂದ್ಯವನ್ನು ರದ್ದು ಮಾಡಿಸಿಕೊಂಡು, ಮತ್ತೆ ಬಂದು 9-0 ಸೋತುಹೋದರು. 1902ರಲ್ಲಿ 2,670 ಪೌಂಡ್ ಸಾಲದಲ್ಲಿ ಕ್ಲಬ್ ಮುಳುಗಿತು. ನಾಯಕ ಹ್ಯಾರಿ ಸ್ಟಾಫರ್ಡ್ ದುಡ್ಡಿನವರನ್ನು ಹುಡುಕಿ ತಂದ, ಜಾನ್ ಹೆನ್ರಿ ಡೇವಿಸ್ ಅನ್ನುವ ಬಿಯರ್ ಉದ್ಯಮಿ ಕೈ ಹಿಡಿದ, ಹೆಸರು ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ಸ್ಟಾಫರ್ಡನ ನಾಯಿ ತಪ್ಪಿಸಿಕೊಂಡು ಹೋಗಿ ಡೇವಿಸನ ಪರಿಚಯ ಮಾಡಿಸಿತು ಅಂತ ಕತೆ ಇದೆ. ಜನರಿಗೆ ನಾಯಿ ನೆನಪಿದೆ. ಸ್ಟಾಫರ್ಡ್ ಬ್ಯಾಕ್ ಆಡುತ್ತಿದ್ದ, ಮೊದಲು ಬಾಯ್ಲರ್ ಕೆಲಸದವನಾಗಿದ್ದ ಅನ್ನುವುದು ಯಾರಿಗೂ ನೆನಪಿಲ್ಲ.

ನಾನು ಹೇಳಬೇಕಾದದ್ದು ಇದು ಯಾವುದೂ ಅಲ್ಲ. ಗುರುವಾರ ರಾತ್ರಿಯಿಂದ ನನಗೆ ನಿದ್ದೆ ಕೆಡಿಸಿದವನು ಬೇರೆಯವನು. ಥಾಮಸ್ ಬ್ಲ್ಯಾಕ್‌ಸ್ಟಾಕ್ ಅಂತ. ಅವನೂ ಬ್ಯಾಕ್.

ಸ್ಕಾಟ್ಲೆಂಡಿನ ಹುಡುಗ. 1903ರಲ್ಲಿ ಯುನೈಟೆಡ್‌ಗೆ ಬಂದ. ಆಗೀಗ ಮೊದಲ ತಂಡದಲ್ಲಿ ಜಾಗ ಸಿಗುತ್ತಿತ್ತು, ಉಳಿದಂತೆ ಎರಡನೇ ತಂಡ. 1907ರ ಏಪ್ರಿಲ್‌ನಲ್ಲಿ ಸೇಂಟ್ ಹೆಲೆನ್ಸ್ ಮೇಲೆ ಎರಡನೇ ತಂಡದ ಪಂದ್ಯ. ಚೆಂಡಿಗೆ ತಲೆ ಕೊಟ್ಟ, ಬಿದ್ದ, ಸತ್ತ. 25 ವರ್ಷ. ನಿನ್ನದೇ ವಯಸ್ಸು. ವಿಚಾರಣೆ ನಡೆದು ಸಹಜ ಸಾವು ಅಂತ ಬರೆದರು. ಮನೆಯವರಿಗೆ ಒಂದು ಪೆನ್ನಿಯ ಪರಿಹಾರವೂ ಸಿಗಲಿಲ್ಲ.

ನನಗೆ ಆ ಹುಡುಗನಿಗಿಂತ ಹೆಚ್ಚಾಗಿ ಅವನ ಹೆತ್ತವರ ಚಿಂತೆ. ಮಗ ಇಂಗ್ಲೆಂಡಿಗೆ ದುಡಿಯಲು ಹೋಗಿದ್ದಾನೆ, ದೊಡ್ಡ ಕ್ಲಬ್ಬು, ಊರಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡಿರುತ್ತಾರೆ. ಆಮೇಲೆ ಯಾರೋ ಬಾಗಿಲು ಬಡಿಯುತ್ತಾರೆ. ಸುದ್ದಿ ಹೇಗೆ ಮುಟ್ಟಿತೋ, ತಂತಿಯೋ, ಕಾಗದವೋ, ತಂದವನಾದರೂ ಓದಿ ಹೇಳಿದನೋ. ಬೆಳಿಗ್ಗೆ ಗಟ್ಟಿಮುಟ್ಟಾಗಿ ಬೂಟು ಕಟ್ಟಿಕೊಂಡು ಹೋದ ಮಗನ ಸಾವನ್ನು ಸಹಜ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ರಾತ್ರಿ ಎರಡು ಗಂಟೆಗೆ ಎದ್ದು ಇದನ್ನೇ ಯೋಚಿಸುತ್ತಿದ್ದರೆ ನಿಮ್ಮವ್ವ, 1907ರಲ್ಲಿ ಸತ್ತವನಿಗೆ ಈಗ್ಯಾಕ ಅಳತೀರಿ, ಮಲಕ್ಕೋರಿ ಅಂದಳು.

ಈಗ ನಿನ್ನ ವಿಷಯ. ನೀವು ನೋಡಿಕೊಳ್ಳುವ ಅಜ್ಜಿಯೊಬ್ಬಳನ್ನು ಎತ್ತಿ ಕೂರಿಸಲು ಹೋಗಿ ಸೊಂಟ ಹಿಡಿದು ಮಲಗಿರುವ ನಿನ್ನ ಜೊತೆಗಾತಿಗೆ ರಜೆಯ ಪಗಾರ ಕೊಡಲಿಲ್ಲ ಅಂತ ನೀವು ತಕರಾರು ಅರ್ಜಿ ಬರೆದಿದ್ದೀರಿ. ಮೊದಲ ಸಹಿ ನಿನ್ನದು. ವೀಸಾ ಕೆಲಸ ಕೊಟ್ಟವರ ಕೈಯಲ್ಲಿ. ಕೆಲಸ ಹೋದರೆ 60 ದಿನದಲ್ಲಿ ಇನ್ನೊಬ್ಬರನ್ನು ಹುಡುಕಬೇಕು ಅಂತ ನೀನೇ ಹೇಳಿದ್ದೆ. ಅಂಥದ್ದರಲ್ಲಿ ಮೊದಲ ಹೆಸರು ನಿನ್ನದೇ ಯಾಕೆ ಅಂತ ಕೇಳಿದೆ. ನೀನು ಫೋನಿಟ್ಟೆ.

ಬ್ಲ್ಯಾಕ್‌ಸ್ಟಾಕ್ ಸತ್ತ ವರ್ಷವೇ, ಡಿಸೆಂಬರ್ 2ರಂದು, ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಆಟಗಾರರು ಸೇರಿ ಸಂಘ ಕಟ್ಟಿದರು. ಮುಂದೆ ನಿಂತವರು ಅವನ ಜೊತೆಗಾರರೇ, ಬಿಲ್ಲಿ ಮೆರೆಡಿತ್ ಮತ್ತು ನಾಯಕ ಚಾರ್ಲಿ ರಾಬರ್ಟ್ಸ್. ಆಗ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಬಿದ್ದು ಗಾಯವಾದರೆ ನಿನ್ನ ಹಣೆಬರಹ. ಕಾರ್ಖಾನೆಯ ಕೆಲಸಗಾರರಿಗೆ ಪರಿಹಾರದ ಕಾಯ್ದೆ ಬಂದಿತ್ತು, ಆದರೆ ಚೆಂಡು ಒದೆಯುವವನು ಕೆಲಸಗಾರನೇ ಅಲ್ಲ, ಆಡುವವನು ಅಂತ ಕ್ಲಬ್ಬುಗಳ ವಾದ. ವಾಕರ್ ಅನ್ನುವ ಆಟಗಾರ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಮೇಲೆ ಹೂಡಿದ ದಾವೆಯಲ್ಲಿ ಕೋರ್ಟು, ಅವನೂ ಕೆಲಸಗಾರನೇ, ಕಾಯ್ದೆ ಅವನಿಗೂ ಸಲ್ಲುತ್ತದೆ ಅಂತ ಹೇಳಬೇಕಾಯಿತು. ನಿಮ್ಮ ಮ್ಯಾನೇಜರು ಮಾತಿಗೊಮ್ಮೆ ನಾವೆಲ್ಲ ಒಂದೇ ಕುಟುಂಬ ಅನ್ನುತ್ತಾರೆ ಅಂದೆಯಲ್ಲ, ಆಗ ನನಗೆ ಈ ದಾವೆಯ ನೆನಪಾಯಿತು. ಪಗಾರ ಕೇಳುವ ಹೊತ್ತಿಗೆ ಕೆಲಸವನ್ನು ಕೆಲಸ ಅಂತಲೇ ಕರೆಯಬೇಕು, ಆಟ ಅಂತಲೂ ಅಲ್ಲ, ಸೇವೆ ಅಂತಲೂ ಅಲ್ಲ.

ಹಾಗಂತ ರಾಬರ್ಟ್ಸ್‌ಗೆ ಏನಾಯಿತು ಅನ್ನುವುದನ್ನೂ ಕೇಳು. 1905ರಲ್ಲಿ ಇಂಗ್ಲೆಂಡ್ ಪರ ಮೂರು ಪಂದ್ಯ ಆಡಿದ್ದ. ಅವನ ನಾಯಕತ್ವದಲ್ಲಿ ಯುನೈಟೆಡ್ 1908ರಲ್ಲಿ ಲೀಗ್ ಗೆದ್ದಿತು, 1909ರಲ್ಲಿ ಕಪ್ ಗೆದ್ದಿತು. ಇಂಗ್ಲೆಂಡ್ ಅವನನ್ನು ಮತ್ತೆ ಕರೆಯಲೇ ಇಲ್ಲ. ಸಂಘ ಕಟ್ಟಿದ್ದೇ ಕಾರಣ ಅಂತ ಆಗಲೂ ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಮುಂದೆ ನಿಂತವನ ಲೆಕ್ಕ ಯಾವಾಗಲೂ ಬೇರೆಯೇ ಇರುತ್ತದೆ ಮಗಳೇ. ನಾನು ಹೆದರುವುದು ಅದಕ್ಕೆ.

ಅರ್ಜಿ ಹಿಂದಕ್ಕೆ ತಗೋ ಅಂತ ನಾನು ಇನ್ನು ಹೇಳುವುದಿಲ್ಲ. ಹೇಳಿದರೆ ನೀನು ಕೇಳುವವಳೂ ಅಲ್ಲ. ಆದರೆ ಕೆಲಸವನ್ನು ಸರಿಯಾಗಿ ಮಾಡು. ಮೊದಲು ನಿಮ್ಮ ಕೆಲಸದವರ ಯೂನಿಯನ್ನಿಗೆ ಸದಸ್ಯಳಾಗು, ನೀನು ಒಬ್ಬಳೇ ಅಲ್ಲ, ಎಲ್ಲರೂ. ಸೊಂಟ ಹಿಡಿದ ದಿನದ ಪಾಳಿ ಪಟ್ಟಿ, ಅವತ್ತು ಎಷ್ಟು ಜನ ಇರಬೇಕಿತ್ತು, ಎಷ್ಟು ಜನ ಇದ್ದರು ಅನ್ನುವುದರ ಫೋಟೊ ಇಟ್ಟುಕೋ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಅಕ್ಷರ ಹಾಕಬೇಡ. ಅವರು ಬಾಯಿಮಾತಿನಲ್ಲಿ ಏನು ಹೇಳಿದರೂ ಅದೇ ದಿನ, ನೀವು ಹೀಗೆ ಹೇಳಿದಿರಿ ಅಂತ ಮೇಲ್ ಹಾಕು. ಮೀಟಿಂಗಿಗೆ ಒಬ್ಬಳೇ ಹೋಗಬೇಡ. ಸಿಟ್ಟಿನಲ್ಲಿ ಬರೆದದ್ದನ್ನು ರಾತ್ರಿ ಕಳಿಸಬೇಡ. ಊಟ ಬಿಡಬೇಡ. ಮತ್ತೆ ಅರ್ಜಿ ಬರೆಯುವುದಿದ್ದರೆ, ಹಿಂದೆ ಹಡಗಿನವರು ಮಾಡುತ್ತಿದ್ದಂತೆ ಸಹಿಗಳನ್ನು ಸುತ್ತಲೂ ಗುಂಡಗೆ ಹಾಕಿಸು, ಮೊದಲು ಹಾಕಿದವರು ಯಾರು ಅಂತ ಯಾರಿಗೂ ತಿಳಿಯಬಾರದು. ನೋಡು, ಬರೀ ನಾಲ್ಕು ಮಾತು ಬರೆಯುತ್ತೇನೆ ಅಂತ ಕುಳಿತವನು ಮತ್ತೆ ಭಾಷಣಕ್ಕೇ ಬಂದೆ.

ಮೊದಲ ಹೆಸರು ನಿನ್ನದು ಅಂತ ನೀನು ಹೇಳಿದಾಗ ನಾನು ಬೈಯುವುದಕ್ಕೆ ಮುಂಚೆ ಒಂದು ಗಳಿಗೆ ಸುಮ್ಮನಿದ್ದೆ. ಲೈನು ಕಟ್ಟಾಯಿತು ಅಂತ ನೀನು ಹಲೋ ಹಲೋ ಅಂದೆ. ಲೈನು ಸರಿಯಾಗಿಯೇ ಇತ್ತು. ನಮ್ಮ ತಂಡದ ಹುಡುಗರು ಯಾರಾದರೂ ಈಗ ಇಲ್ಲಿ ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ಆದರೂ ಆ ಬ್ಲ್ಯಾಕ್‌ಸ್ಟಾಕ್ ನನ್ನನ್ನು ಬಿಡುತ್ತಿಲ್ಲ. ಅವನು ಸತ್ತ ವರ್ಷವೇ ಸಂಘ ಹುಟ್ಟಿತು, ಅದು ಇವತ್ತಿಗೂ ಇದೆ, ಲಕ್ಷಗಟ್ಟಲೆ ಪೌಂಡ್ ಎಣಿಸುವ ಆಟಗಾರರೂ ಅದರ ಸದಸ್ಯರು. ಎಲ್ಲ ಖರೇ. ಅವನ ಅಪ್ಪನಿಗೆ ಅದರಿಂದ ಏನು ಬಂತು? ನೀನು ಭಾರ ಎತ್ತುವಾಗ ಇಬ್ಬರಿಲ್ಲದೆ ಎತ್ತಬೇಡ. ಯಾರು ಎಷ್ಟೇ ಅವಸರ ಮಾಡಲಿ, ಇನ್ನೊಬ್ಬರು ಬರುವ ತನಕ ನಿಂತುಬಿಡು. ಈ ಒಂದು ವಿಷಯದಲ್ಲಿ ಪೊವೆಲ್‌ನಷ್ಟೇ ಹಟ ಮಾಡು, ನಾನು ಏನೂ ಅನ್ನುವುದಿಲ್ಲ.

ನಿಮ್ಮಲ್ಲಿ ಒಬ್ಬ ಹುಡುಗಿ ಕೊನೆಗಳಿಗೆಯಲ್ಲಿ ಸಹಿ ಮಾಡದೆ ಹಿಂದೆ ಸರಿದಳು, ಅವಳ ಮುಖ ನೋಡುವುದಿಲ್ಲ ಅಂದೆ. 1909ರಲ್ಲಿ ಎಫ್‌ಎಯವರು ಸಂಘ ಬಿಡಿ, ಇಲ್ಲವೇ ಆಟ ಬಿಡಿ ಅಂದಾಗ ಊರೂರಿನ ಆಟಗಾರರು ಬಿಟ್ಟು ನಡೆದರು. ಯುನೈಟೆಡ್‌ನವರು ಮಾತ್ರ ಗಟ್ಟಿಯಾಗಿ ನಿಂತರು. ಅಮಾನತಾದರು, ಹೊರಗೆ ಬೇರೆ ಮೈದಾನದಲ್ಲಿ ತಾವೇ ಅಭ್ಯಾಸ ಮಾಡಿದರು, ಔಟ್‌ಕಾಸ್ಟ್ಸ್ ಎಫ್‌ಸಿ, ಅಂದರೆ ಹೊರಹಾಕಿದವರ ಫುಟ್‌ಬಾಲ್ ಕ್ಲಬ್, ಅಂತ ಹಲಗೆ ಬರೆದಿಟ್ಟು ಫೋಟೊ ತೆಗೆಸಿಕೊಂಡರು. ಆಮೇಲೆ ಎವರ್ಟನ್ನಿನ ಟಿಮ್ ಕೋಲ್ಮನ್ ಬಂದು ಜೊತೆಗೆ ನಿಂತ, ಇನ್ನೂ ಕೆಲವರು ಮನಸ್ಸು ಬದಲಿಸಿದರು. ಹಂಗಾಮು ಶುರುವಾಗುವ ಹೊತ್ತಿಗೆ ಎಫ್‌ಎ ಅಷ್ಟಿಷ್ಟು ಬಗ್ಗಿತು. ಬಿಟ್ಟುಹೋದವರನ್ನೆಲ್ಲ ದೂರ ಇಟ್ಟಿದ್ದರೆ ಆ ಸಂಘ ಉಳಿಯುತ್ತಿರಲಿಲ್ಲ. ಆ ಹುಡುಗಿಗೂ ಊರಿನಲ್ಲಿ ಸಾಲ ಇರಬಹುದು, ಫೋನಿನಲ್ಲಿ ಕೂಗಾಡುವ ಅಪ್ಪ ಇರಬಹುದು. ನಿಮ್ಮವ್ವ ಕಳಿಸಿದ ಶೇಂಗಾ ಚಟ್ನಿ ಇನ್ನೂ ಉಳಿದಿದ್ದರೆ ಅವಳನ್ನು ಒಂದು ದಿನ ಊಟಕ್ಕೆ ಕರೆ.

ಮೀಟಿಂಗು ಯಾವತ್ತು, ಎಷ್ಟು ಗಂಟೆಗೆ, ನಿನ್ನ ಜೊತೆ ಒಳಗೆ ಯಾರು ಬರುತ್ತಾರೆ, ಅಷ್ಟನ್ನು ಬರೆದು ಕಳಿಸು.

ನಿನ್ನ
ಅಪ್ಪ