ಮುಂದಿನ ಚಕ್ರವನ್ನು ಒಮ್ಮೆ ತಿರುಗಿಸಿ ಹಾಕಿ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

1996ರಿಂದ ದಾವಣಗೆರೆಯಲ್ಲಿ ನಿಮ್ಮ ಪತ್ರಿಕೆಯನ್ನು ಸೈಕಲ್ ಮೇಲೆ ಮನೆಮನೆಗೆ ಹಾಕುತ್ತಾ ಬಂದವನು ನಾನು. ದಿನಾ ಹಂಚುವ ಪತ್ರಿಕೆಗೆ ನಾನೂ ಒಂದು ಪತ್ರ ಬರೆಯಬಹುದು ಎಂದು ಇಷ್ಟು ವರ್ಷ ಹೊಳೆದಿರಲಿಲ್ಲ. ಈಗ ಬರೆಯುತ್ತಿರುವುದು ರಾಜಕೀಯದ ಬಗ್ಗೆ ಅಲ್ಲ, ರಸ್ತೆ ಗುಂಡಿಗಳ ಬಗ್ಗೆಯೂ ಅಲ್ಲ (ಅದಕ್ಕೆ ಬೇಕಾದಷ್ಟು ಜನ ಇದ್ದಾರೆ). ಸೈಕಲ್ಲಿನ ಮುಂದಿನ ಚಕ್ರದ ಬಗ್ಗೆ.

ಕಳೆದ ತಿಂಗಳು ನನ್ನ ತಂಗಿ ತನ್ನ ಮಗಳಿಗೆ ಹೊಸ ಸೈಕಲ್ ಕೊಡಿಸಿದಳು. 26 ಇಂಚಿನ ಚಕ್ರ, ಮುಂದೊಂದು ಬುಟ್ಟಿ, ಗೇರಿನ ಗೊಡವೆ ಇಲ್ಲ. ಈಗೆಲ್ಲ ಸೈಕಲ್‌ಗಳು ರಟ್ಟಿನ ಪೆಟ್ಟಿಗೆಯಲ್ಲಿ ಅರೆಜೋಡಣೆಯಾಗಿ ಅಂಗಡಿಗೆ ಬರುತ್ತವೆ. ಹ್ಯಾಂಡಲ್, ಪೆಡಲ್, ಮುಂದಿನ ಚಕ್ರ ಕೂರಿಸಿ ಗಿರಾಕಿಯ ಕೈಗೆ ಕೊಡುವುದು ಅಲ್ಲಿಯ ಹುಡುಗರ ಕೆಲಸ. ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಮನೆಗೆ ತಂದ ಸಂಜೆಯೇ ಹುಡುಗಿ ನನ್ನನ್ನು ಕರೆದಳು: "ಮಾಮ, ಚಕ್ರ ಎಡಕ್ಕೆ ಸರಿದುಕೊಂಡಿದೆ ನೋಡು."

ನಿಜ. ಮುಂದೆ ನಿಂತು ನೋಡಿದರೆ ಫೋರ್ಕಿನ (ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲಿನ) ಬಲಗಾಲಿಗೂ ಟೈರಿಗೂ ನಡುವೆ ಬೆರಳು ತೂರುತ್ತಿತ್ತು. ಎಡಗಡೆ ಉಗುರಿಗೂ ಜಾಗ ಇರಲಿಲ್ಲ. ಎಡಗಡೆಯ ಬ್ರೇಕ್ ರಬ್ಬರು ರಿಮ್ಮಿಗೆ ಅಂಟಿಕೊಂಡು ಕಿರಗುಡುತ್ತಿತ್ತು. ಅಂಗಡಿಗೆ ಒಯ್ದಾಗ "ಹೊಸದರಲ್ಲಿ ಹಾಗೇ ಇರುತ್ತದೆ, ಓಡಿದ ಮೇಲೆ ಸರಿಹೋಗುತ್ತದೆ" ಎಂದು ಬ್ರೇಕನ್ನು ಒಂದಿಷ್ಟು ಬಗ್ಗಿಸಿ ಕಳಿಸಿದರು. ಎಡಕ್ಕೆ ಕೂತ ಚಕ್ರ ಓಡಿ ಓಡಿ ನಡುವಿಗೆ ಬಂದದ್ದನ್ನು ಇಷ್ಟು ವರ್ಷದಲ್ಲಿ ನಾನಂತೂ ಕಂಡಿಲ್ಲ. ಎರಡನೆಯ ಸಲ ಹೋದಾಗ ತೀರ್ಪು ಬದಲಾಯಿತು: "ಫೋರ್ಕ್ ಬೆಂಡ್ ಆಗಿದೆ, ಬೇರೆ ಹಾಕಬೇಕು, 850 ರೂಪಾಯಿ." ಒಂದು ವಾರದ ಸೈಕಲ್ಲು, ಒಂದು ಸಲವೂ ಬಿದ್ದಿಲ್ಲ!

ಭಾನುವಾರ ಲೈನ್ ಮುಗಿಸಿ ಬಂದವನು ಅದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡೆ. ಮೊದಲು ಟೈರನ್ನು ಹಿಡಿದು ಎಡಬಲ ಅಲುಗಾಡಿಸಿದೆ. ಹಬ್ಬಿನಲ್ಲಿ, ಅಂದರೆ ಚಕ್ರದ ನಡುವಿನ ಗುಂಬದಲ್ಲಿ, ಸಡಿಲ ಇರಲಿಲ್ಲ; ಒಳಗಿನ ಗುಂಡುಗಳನ್ನು ಹಿಡಿದಿಡುವ ಕೋನು ಸರಿಯಾಗಿದೆ ಎಂದಾಯಿತು. ಆಮೇಲೆ ಫೋರ್ಕಿನ ಕಾಲಿಗೆ ಪೆನ್ಸಿಲ್ ಒತ್ತಿ ಹಿಡಿದು, ಅದರ ತುದಿ ರಿಮ್ಮಿಗೆ ತಾಗಿಯೂ ತಾಗದಂತೆ ಇಟ್ಟು ಚಕ್ರ ತಿರುಗಿಸಿದೆ. ಸುತ್ತಿನುದ್ದಕ್ಕೂ ಸಂದು ಒಂದೇ ಸಮ ಇತ್ತು. ಒಂದು ಕಡೆ ತಾಗಿ ಇನ್ನೊಂದು ಕಡೆ ದೂರ ಸರಿದಿದ್ದರೆ ಅದು ರಿಮ್ಮಿನ ಬೆಂಡು, ಕಡ್ಡಿ ಬಿಗಿಸಿ ತೆಗೆಯಬೇಕು. ಇದು ಅದಲ್ಲ. ಅಳತೆಗೆ ನಿಮ್ಮ ಪತ್ರಿಕೆಯದೇ ಮಾರಾಟವಾಗದೆ ಉಳಿದ ಒಂದು ಪ್ರತಿಯನ್ನು ಮಡಚಿ ತುರುಕಿದೆ. ಬಲಗಡೆ ಇಡೀ ಮಡಿಕೆ ಸಲೀಸಾಗಿ ಹೋಯಿತು, ಎಡಗಡೆ ಎರಡು ಪುಟಕ್ಕೇ ಸಿಕ್ಕಿಕೊಂಡಿತು.

ಬಹಳ ಸಲ ಮದ್ದು ಇಲ್ಲೇ ಇರುತ್ತದೆ: ಸೈಕಲ್ಲನ್ನು ತಲೆಕೆಳಗು ಮಾಡದೆ ನೆಲದ ಮೇಲೇ ನಿಲ್ಲಿಸಿ, ಆಕ್ಸಲಿನ (ಚಕ್ರದ ನಡುವೆ ಹಾಯುವ ಸರಳಿನ) ಎರಡೂ ನಟ್ಟು ಸಡಿಲಿಸಿ, ಹ್ಯಾಂಡಲನ್ನು ಮೇಲಿನಿಂದ ಅದುಮಬೇಕು. ಸೈಕಲ್ಲಿನ ಭಾರಕ್ಕೆ ಆಕ್ಸಲ್ ಫೋರ್ಕಿನ ಸೀಳಿನ ಕೊನೆ ಮುಟ್ಟಿ ಕೂರುತ್ತದೆ. ಆಮೇಲೆ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ವಾಷರ್ ಸೀಳಿನ ಹೊರಗಡೆ ಇರಬೇಕು. ಅವಸರದಲ್ಲಿ ಒಂದು ಕಡೆಯದು ಒಳಗೆ ಸೇರಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇಷ್ಟೆಲ್ಲ ಮಾಡಿದರೂ ಚಕ್ರ ಎಡಕ್ಕೇ ಕೂತಿತು.

ಇನ್ನು ಉಳಿದದ್ದು ತಿರುಗಿಸಿ ಹಾಕುವ ಪರೀಕ್ಷೆ. ಚಕ್ರವನ್ನು ಪೂರ್ತಿ ಕಳಚಿ, ಬಲಗಡೆಯ ತುದಿ ಎಡಕ್ಕೆ ಬರುವಂತೆ ತಿರುಗಿಸಿ ಹಾಕುವುದು, ಅಷ್ಟೇ. ಈಗ ಚಕ್ರ ಬಲಕ್ಕೆ ವಾಲಿದರೆ ತಪ್ಪು ಚಕ್ರದ್ದು: ರಿಮ್ಮು ಹಬ್ಬಿನ ನಡುವಿಗೆ ಇಲ್ಲ. ವಾಲಿದ ಕಡೆಯ ಕಡ್ಡಿಗಳನ್ನು ಕಾಲು ಸುತ್ತು ಸಡಿಲಿಸಿ, ಎದುರು ಕಡೆಯವನ್ನು ಅಷ್ಟೇ ಬಿಗಿಸುತ್ತಾ ಎಳೆದುಕೊಳ್ಳಬೇಕು. ತಿರುಗಿಸಿದರೂ ಎಡಕ್ಕೇ ಕೂತರೆ ತಪ್ಪು ಫೋರ್ಕಿನದು. (ಡಿಸ್ಕ್ ಬ್ರೇಕಿನ ಚಕ್ರಕ್ಕೆ ಈ ಉಪಾಯ ಒಗ್ಗುವುದಿಲ್ಲ, ತಟ್ಟೆ ಅಡ್ಡ ಬರುತ್ತದೆ.)

ಇದನ್ನು ನಾನು ಕಲಿತದ್ದು ನನ್ನದೇ ದಡ್ಡತನದಿಂದ. 2009ರ ಮಳೆಗಾಲದಲ್ಲಿ ಅಶೋಕ ರಸ್ತೆಯ ರೈಲ್ವೆ ಗೇಟಿನ ಹಳಿಗಳ ಮೇಲೆ ಜಾರಿ, ಪತ್ರಿಕೆಯ ಕಟ್ಟಿನ ಸಮೇತ ಬಿದ್ದೆ. ನನ್ನದು ಆಗ ಸರಳಿನ ಬ್ರೇಕಿನ ಹಳೆಯ ಕಪ್ಪು ಸೈಕಲ್ಲು, ಮುಂದೆ 32 ಕಡ್ಡಿ, ಹಿಂದೆ 40. ಎದ್ದು ನೋಡಿದರೆ ಚಕ್ರ ಒಂದು ಬದಿಗೆ. ಆ ಮಧ್ಯಾಹ್ನವೆಲ್ಲ ಕೂತು 32 ಕಡ್ಡಿಗಳನ್ನೂ ಎಳೆದು ಸಡಿಲಿಸಿ ಚಕ್ರವನ್ನು ನಡುವಿಗೆ ತಂದೆ. ಮೀಸೆ ತಿರುವಿಕೊಂಡೆ ಕೂಡ. ಎರಡು ತಿಂಗಳ ಮೇಲೆ ಪಂಕ್ಚರ್ ಆಯಿತು. ಟ್ಯೂಬಿಗೆ ತೇಪೆ ಹಾಕಿದ ಹುಡುಗ ಚಕ್ರವನ್ನು ಹಿಂದುಮುಂದಾಗಿ ಹಾಕಿಬಿಟ್ಟ. ಮಾರನೆಯ ಬೆಳಿಗ್ಗೆ ಐದು ಗಂಟೆಯ ಕತ್ತಲಲ್ಲಿ, 180 ಪತ್ರಿಕೆ ಹೊತ್ತುಕೊಂಡು ಹೊರಟರೆ ಚಕ್ರ ಮೊದಲಿಗಿಂತ ಎರಡರಷ್ಟು ವಾಲಿಕೊಂಡು ಫೋರ್ಕನ್ನೇ ಉಜ್ಜುತ್ತಿತ್ತು. ವಿದ್ಯಾನಗರದವರಿಗೆ ಅಂದು ಪತ್ರಿಕೆ ಸಿಕ್ಕಿದ್ದು ಎಂಟು ಗಂಟೆಗೆ.

ಮುಚ್ಚಿದ ಮಿಲ್ಲೊಂದರ ಗೇಟಿನೆದುರು ಮರದಡಿ ಪೆಟ್ಟಿಗೆ ಇಟ್ಟುಕೊಂಡಿದ್ದ ಮುದುಕ ಮೇಸ್ತ್ರಿಯೊಬ್ಬರು ನೋಡಿ ನಕ್ಕುಬಿಟ್ಟರು. ಬಾಗಿದ್ದು ಫೋರ್ಕು, ನಾನು ಕೆಡಿಸಿದ್ದು ಚಕ್ರ. ಒಂದು ಸೊಟ್ಟಕ್ಕೆ ಇನ್ನೊಂದು ಸೊಟ್ಟ ಹೊಂದಿಸಿದ್ದೆ. ಚಕ್ರ ತಿರುಗಿ ಕೂತಾಗ ಎರಡೂ ಒಂದೇ ಕಡೆ ಸೇರಿಕೊಂಡವು. "ಚಕ್ರದ ತಪ್ಪು ಚಕ್ರದ ಜೊತೆ ತಿರುಗುತ್ತದೆ, ಫೋರ್ಕಿನ ತಪ್ಪು ಇದ್ದಲ್ಲೇ ಇರುತ್ತದೆ" ಎಂದು ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಈಗ ಆ ಮರದಡಿ ಮೊಬೈಲ್ ರೀಚಾರ್ಜಿನ ಅಂಗಡಿ ಇದೆ.

ಸರಿ, ನಮ್ಮ ಹುಡುಗಿಯ ಸೈಕಲ್ಲಿನ ಚಕ್ರ ತಿರುಗಿಸಿ ಹಾಕಿದರೂ ಎಡಕ್ಕೇ ಕೂತಿತು. ಅಂಗಡಿಯವರ ಮಾತು ಅರ್ಧ ನಿಜವೇ ಆಗಿತ್ತು, ಒಪ್ಪುತ್ತೇನೆ. ಆದರೆ ಫೋರ್ಕಿನ ಕಾಲುಗಳು ಮುಂದಿನಿಂದ, ಪಕ್ಕದಿಂದ ಹೇಗೆ ನೋಡಿದರೂ ನೆಟ್ಟಗೇ ಇದ್ದವು. ಚಕ್ರ ಕಳಚಿ ಟಾರ್ಚ್ ಬಿಟ್ಟು ಸೀಳಿನೊಳಗೆ ನೋಡಿದೆ. ಬಲಗಡೆಯ ಸೀಳು ಚೊಕ್ಕಟವಾಗಿತ್ತು. ಎಡಗಡೆಯ ಸೀಳಿನ ಕೊನೆಯಲ್ಲಿ ಬಣ್ಣ ಇಳಿದು ಗಟ್ಟಿಯಾಗಿ ಗಂಟು ಕಟ್ಟಿತ್ತು, ಸುಮಾರು ಎರಡು ಮಿಲಿಮೀಟರ್ ದಪ್ಪ. ಆಕ್ಸಲಿನ ಎಡತುದಿ ಅಷ್ಟು ಕೆಳಗೇ ನಿಂತುಬಿಟ್ಟಿತ್ತು. ಎರಡು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಫೋರ್ಕಿನ ಎರಡು ತುದಿಗಳ ನಡುವೆ 100 ಮಿಲಿಮೀಟರ್ ಅಂತರ, ಆಕ್ಸಲಿನಿಂದ ರಿಮ್ಮಿಗೆ ಅದರ ಮೂರು ಪಟ್ಟು ಹತ್ತಿರ ಹತ್ತಿರ. ಹಾಗಾಗಿ ಕೆಳಗೆ ಎರಡು ಏರುಪೇರಾದರೆ ಮೇಲೆ ಐದಾರು ಮಿಲಿಮೀಟರ್ ವಾಲುತ್ತದೆ, ಅದೂ ಆಕ್ಸಲ್ ಪೂರ್ತಿ ಕೂರದ ಕಡೆಗೇ.

ಚಾಕುವಿನಿಂದ ಬಣ್ಣ ಕೆರೆದು, ದುಂಡು ಅರದಿಂದ ನಾಲ್ಕು ಸಲ ನಯವಾಗಿ ಉಜ್ಜಿದೆ. ಬಣ್ಣವನ್ನು ಮಾತ್ರ, ಉಕ್ಕನ್ನಲ್ಲ. ಕೆಲವರು ಸೀಳನ್ನೇ ಅರೆದು ಚಕ್ರ ನಡುವಿಗೆ ತರುತ್ತಾರೆ. ಬಿದ್ದು ಬಾಗಿದ ಫೋರ್ಕಿಗೆ ಅದು ರೋಗ ಮುಚ್ಚಿಡುವ ಕೆಲಸ, ಅಂಥದ್ದನ್ನು ಬದಲಾಯಿಸಿಯೇ ತೀರಬೇಕು. ಚಕ್ರ ಕೂರಿಸಿದೆ. ಮಡಿಚಿದ ಪತ್ರಿಕೆ ಎರಡೂ ಕಡೆ ಒಂದೇ ಬಿಗಿಯಲ್ಲಿ ಹೋಯಿತು. ಅಂಗಡಿಯವರು ಬಗ್ಗಿಸಿದ್ದ ಬ್ರೇಕನ್ನು ಮತ್ತೆ ನೆಟ್ಟಗೆ ಮಾಡಲು ಮಾತ್ರ ಅರ್ಧ ಗಂಟೆ ಹಿಡಿಯಿತು.

ಸೈಕಲ್ ಮಾರುವವರಲ್ಲಿ ನನ್ನ ಕೋರಿಕೆ ಒಂದೇ. ಪೆಟ್ಟಿಗೆಯಿಂದ ತೆಗೆದ ಸೈಕಲ್ಲನ್ನು ಗಿರಾಕಿಗೆ ಕೊಡುವ ಮೊದಲು ಮುಂದೆ ಹೋಗಿ ನಿಂತು ಒಂದು ಸಲ ನೋಡಿ. ಚಕ್ರ ವಾಲಿದ್ದರೆ ತಿರುಗಿಸಿ ಹಾಕಿ. ಐದು ನಿಮಿಷದ ಮಾತು. ಅದನ್ನು ಮಾಡದೆ 850 ರೂಪಾಯಿ ಕೇಳಬೇಡಿ. ನಿಮ್ಮಲ್ಲೂ ಒಂದು ಕೋರಿಕೆ ಇದೆ, ಸಂಪಾದಕರೇ: ಕಾರು, ಬೈಕುಗಳಿಗೆ ಪುರವಣಿಯಲ್ಲಿ ಬಣ್ಣದ ಪುಟ ಕೊಡುತ್ತೀರಿ. ಆ ಪುರವಣಿಯನ್ನು ಮನೆ ಮುಟ್ಟಿಸುವುದು ಸೈಕಲ್ಲು; ತಿಂಗಳಿಗೊಮ್ಮೆ ಅದಕ್ಕೂ ಕಾಲು ಕಾಲಂ ಬಿಡಿ.

ಅಂದಹಾಗೆ, ಆ ಅಂಗಡಿಗೂ ದಿನಾ ನಿಮ್ಮ ಪತ್ರಿಕೆ ಹಾಕುವವನು ನಾನೇ. ಸಾಮಾನ್ಯವಾಗಿ ಷಟರ್ ಕೆಳಗೆ ತೂರಿಸಿ ಹೋಗುತ್ತೇನೆ. ಈ ಪತ್ರ ಅಚ್ಚಾದ ದಿನ ಬಾಗಿಲು ತೆರೆಯುವವರೆಗೆ ಕಾದಿದ್ದು, ಕೈಗೇ ಕೊಟ್ಟು ಬರುತ್ತೇನೆ.

— ಒಬ್ಬ ಪತ್ರಿಕಾ ವಿತರಕ, ದಾವಣಗೆರೆ