ಪುಕ್ಕಟೆ ಸಿಕ್ಕಿತೆಂದು ಕೋಡಿ ಹಳ್ಳದ ಆಚೆ ಪ್ರೌಢಶಾಲೆಯೇ?

ಮಾನ್ಯ ಸಂಪಾದಕರೇ,

ನಮ್ಮ ಹೋಬಳಿಯ ಸರ್ಕಾರಿ ಪ್ರೌಢಶಾಲೆಯ ಹೊಸ ಕಟ್ಟಡಕ್ಕೆ ‘ಸೂಕ್ತ ಜಾಗ’ ಗುರುತಿಸಲಾಗಿದೆ ಎಂದು ನಿನ್ನೆಯ ಜಿಲ್ಲಾ ಪುಟದಲ್ಲಿ ಬಂದ ವರದಿ ಓದಿದೆ. ವರದಿಯ ಜೊತೆಗಿನ ಚಿತ್ರದಲ್ಲಿ ಅಧಿಕಾರಿಗಳು ನಕ್ಷೆ ಬಿಡಿಸಿಕೊಂಡು ನಿಂತಿರುವುದು ಡಾಂಬರು ರಸ್ತೆಯ ಮೇಲೆ. ಅವರು ಸೂಕ್ತ ಎನ್ನುತ್ತಿರುವ ಜಾಗ ಇರುವುದು ಅಲ್ಲಿಂದ ಕೆಳಗೆ, ಕೆರೆಯ ಕೋಡಿ ಹಳ್ಳ ದಾಟಿದ ಮೇಲೆ. ಅಲ್ಲಿಗೆ ಅವರಲ್ಲಿ ಒಬ್ಬರೂ ಇಳಿಯಲಿಲ್ಲ. ಇದು ಯಾರೋ ಹೇಳಿದ ಮಾತಲ್ಲ. ಆ ದಿನ ನಾನೂ ಅಲ್ಲಿದ್ದೆ.

ಸ್ಥಳ ಪರಿಶೀಲನೆ ಇದೆ, ಪೋಷಕರು ಬೆಳಿಗ್ಗೆ ಹತ್ತಕ್ಕೆ ತಪ್ಪದೆ ಬರಬೇಕು ಎಂದು ಮಕ್ಕಳ ಕೈಯಲ್ಲಿ ಚೀಟಿ ಕಳುಹಿಸಿದ್ದರು. ನಾನು ಹೊಲಿಗೆ ಕೆಲಸ ಮಾಡುವವಳು. ಮದುವೆ ಮನೆಗೆ ಅಂದೇ ಕೊಡಬೇಕಾಗಿದ್ದ ರವಿಕೆಗಳನ್ನು ಅರ್ಧಕ್ಕೆ ಬಿಟ್ಟು ಹೋದೆ. ಪಕ್ಕದ ಮನೆಯಾಕೆ ಆ ದಿನದ ಕೂಲಿ ಕಳೆದುಕೊಂಡಳು. ಕೈಗೂಸು ಎತ್ತಿಕೊಂಡು ಬಂದ ತಾಯಂದಿರಿದ್ದರು. ನಿಲ್ಲಲು ಒಂದು ಮರದ ನೆರಳಿಲ್ಲ, ಕುಡಿಯಲು ನೀರಿಲ್ಲ. ಅಧಿಕಾರಿಗಳು ಬಂದದ್ದು ಊಟ ಮುಗಿಸಿಕೊಂಡು. ಬಂದವರು ‘ಹಾಜರಿಗೆ’ ಎಂದು ಒಂದು ಹಾಳೆಯಲ್ಲಿ ನಮ್ಮೆಲ್ಲರ ಸಹಿ ಹಾಕಿಸಿಕೊಂಡರು. ಹಾಳೆಯ ಮೇಲುಭಾಗ ಖಾಲಿ ಇತ್ತು. ಈಗ ನೋಡಿದರೆ ವರದಿಯಲ್ಲಿ ‘ಪೋಷಕರ ಸಮ್ಮುಖದಲ್ಲಿ, ಅವರ ಒಪ್ಪಿಗೆಯೊಂದಿಗೆ’ ಎಂದಿದೆ! ನಾವು ಒಪ್ಪಿದ್ದು ಯಾವಾಗ? ನಮ್ಮನ್ನು ಕೇಳಿದವರು ಯಾರು?

ಅವರು ಇಳಿಯದಿದ್ದರೂ ನಾವು ಹೆಂಗಸರು ಇಳಿದು ನೋಡಿದೆವು. ಮೀನಖಂಡದವರೆಗೆ ಕೆಸರು, ಎಲ್ಲೆಲ್ಲೂ ಜೊಂಡು. ಜೊಂಡು ಬೆಳೆಯುವ ನೆಲ ಎಂಥದ್ದೆಂದು ಬೇಸಾಯ ಮಾಡುವ ಮನೆಯ ಮಗುವಿಗೂ ಗೊತ್ತು. ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ, ‘ಅದನ್ನೆಲ್ಲ ಇಂಜಿನಿಯರ್ ನೋಡಿಕೊಳ್ಳುತ್ತಾರಮ್ಮ’ ಎಂದು ಹೇಳಿ ಜೀಪು ಹತ್ತಿದರು. 2022ರ ಮಳೆಗೆ ಈ ಸೀಮೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ನಮ್ಮದೂ ಬಿತ್ತು. ಆಗ ಈ ಜಾಗ ಪೂರ್ತಿ ನೀರಿನಡಿ ಇತ್ತು. ಊರಿನ ಯಾವ ಹಿರಿಯರನ್ನು ಕೇಳಿದ್ದರೂ ತೋಟದ ಯಾವ ಬದುವಿನವರೆಗೆ ನೀರು ನಿಂತಿತ್ತು ಎಂದು ಕೈ ತೋರಿಸಿ ಹೇಳುತ್ತಿದ್ದರು. ಕೇಳಬೇಕೆಂದು ಅವರಿಗೆ ಅನಿಸಲೇ ಇಲ್ಲ.

ಈ ಜಾಗವನ್ನೇ ಏಕೆ ಹಿಡಿದುಕೊಂಡಿದ್ದಾರೆ ಎಂಬುದು ಗುಟ್ಟೇನಲ್ಲ. ಪಹಣಿಯಲ್ಲಿ ಅದು ಸರ್ಕಾರಿ ಗೋಮಾಳ. ಹಣ ಕೊಡಬೇಕಾಗಿಲ್ಲ, ಯಾರ ತಕರಾರನ್ನೂ ಆಲಿಸಬೇಕಾಗಿಲ್ಲ, ಕಡತ ಬೇಗ ಮುಗಿಯುತ್ತದೆ. ಮಕ್ಕಳು ಯಾವ ಊರುಗಳಿಂದ ಬರುತ್ತಾರೆ, ಯಾವ ದಾರಿಯಲ್ಲಿ ನಡೆಯುತ್ತಾರೆ ಎಂಬುದು ಆ ಕಡತದಲ್ಲಿ ಎಲ್ಲೂ ಇಲ್ಲ. ಮುಖ್ಯರಸ್ತೆಯ ಪಕ್ಕದಲ್ಲಿ, ಬಸ್ ನಿಲ್ಲುವ ಕಡೆಗೆ ಹತ್ತಿರವಾಗಿ, ಖುಷ್ಕಿ (ಮಳೆಯಾಶ್ರಿತ) ಜಮೀನಿದೆ. ನ್ಯಾಯವಾದ ಬೆಲೆ ಸಿಕ್ಕಿದರೆ ಶಾಲೆಗೆ ಬಿಟ್ಟುಕೊಡುತ್ತೇವೆ ಎಂದು ಅದರ ವಾರಸುದಾರರೇ ಗ್ರಾಮಸಭೆಯಲ್ಲಿ ಹೇಳಿದ್ದರು. ಅದಕ್ಕೆ ಬಂದ ಉತ್ತರ: ‘ಭೂಸ್ವಾಧೀನಕ್ಕೆ ಹೋದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಶಾಲೆ ಆಗುವುದಿಲ್ಲ.’

2013ರ ಭೂಸ್ವಾಧೀನ ಕಾಯ್ದೆಯನ್ನು ನಮ್ಮ ಅಧಿಕಾರಿಗಳು ಗುಮ್ಮನಂತೆ ತೋರಿಸಿ ಹೆದರಿಸುತ್ತಿದ್ದಾರೆ. ಸರ್ಕಾರಿ ಶಿಕ್ಷಣ ಸಂಸ್ಥೆಗೆ ಜಮೀನು ಬೇಕಾದರೆ ಅದು ಸಾರ್ವಜನಿಕ ಉದ್ದೇಶ ಎಂದು ಆ ಕಾಯ್ದೆಯೇ ಹೇಳುತ್ತದೆ. ಮಾರುಕಟ್ಟೆ ಬೆಲೆಯನ್ನು ಹಳ್ಳಿಗಳಲ್ಲಿ ಎರಡು ಪಟ್ಟಿನವರೆಗೆ ಏರಿಸಿ ಲೆಕ್ಕ ಹಾಕಬಹುದು. ಅದರ ಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಕೊಡಬೇಕು. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿದೆ. ಇದೆಲ್ಲ ನೆಲ ಕಳೆದುಕೊಳ್ಳುವ ರೈತನಿಗೆ ಅನ್ಯಾಯ ಆಗದಿರಲಿ ಎಂದು ಬರೆದದ್ದು. ಅಧಿಕಾರಿಗಳಿಗೆ ಅದು ತಲೆನೋವಾದರೆ ಆ ತಲೆನೋವಿಗೇ ಅವರಿಗೆ ಸಂಬಳ ಬರುತ್ತಿರುವುದು. ಹೆದ್ದಾರಿಗೆ ಜಮೀನು ಬೇಕೆಂದರೆ ಸ್ವಾಧೀನವಾಗುತ್ತದೆ, ಬಡಾವಣೆಗೆ ಬೇಕೆಂದರೂ ಆಗುತ್ತದೆ. ಬಡವರ ಮಕ್ಕಳು ಓದುವ ಶಾಲೆಗೆ ನಾಲ್ಕೈದು ಎಕರೆ ಕೇಳಿದಾಗ ಮಾತ್ರ ಖಜಾನೆ ಬರಿದಾಗುತ್ತದೆಯೇ?

ಹಾಗೆಂದು ಆ ಗೋಮಾಳ ನಿಜಕ್ಕೂ ಪುಕ್ಕಟೆ ಸಿಗುತ್ತದೆಯೇ? ಆಳೆತ್ತರ ಮಣ್ಣು ಹೊಡೆಸಬೇಕು. ಆ ಮಣ್ಣು ಕೊಚ್ಚಿಹೋಗದಂತೆ ತಡೆಗೋಡೆ ಕಟ್ಟಬೇಕು. ಹಳ್ಳಕ್ಕೆ ಸೇತುವೆ, ಅಲ್ಲಿಂದ ಮುಂದೆ ರಸ್ತೆ, ವಿದ್ಯುತ್ ಕಂಬ, ಕುಡಿಯುವ ನೀರಿನ ಪೈಪು ಎಲ್ಲವೂ ಬೇಕು. ಒಂದೊಂದಕ್ಕೂ ಟೆಂಡರ್, ಒಂದೊಂದಕ್ಕೂ ಬಿಲ್ಲು. ಭೂಮಿ ಕಳೆದುಕೊಳ್ಳುವ ರೈತನ ಕೈಗೆ ಹೋಗಬೇಕಾದ ದುಡ್ಡು ಮಣ್ಣು ಹೊಡೆಯುವ ಗುತ್ತಿಗೆದಾರನ ಕೈಗೆ ಹೋಗುತ್ತದೆ. ಅದನ್ನು ಉಳಿತಾಯ ಎಂದು ಕರೆಯುತ್ತಾರಲ್ಲ, ಕೇಳಿದರೆ ಮೈ ಉರಿಯುತ್ತದೆ. ಇನ್ನು ಗೋಮಾಳ ಎಂದರೆ ಯಾರೂ ಕೇಳುವವರಿಲ್ಲದ ನೆಲವೂ ಅಲ್ಲ. ನೂರು ಜಾನುವಾರಿಗೆ 30 ಎಕರೆಯಂತೆ ಗೋಮಾಳ ಉಳಿಸಬೇಕು ಎಂದು ರಾಜ್ಯದ 1966ರ ಭೂಕಂದಾಯ ನಿಯಮಗಳಲ್ಲೇ ಇದೆ. ನಮ್ಮ ಊರಿನಲ್ಲಿ ದನ ಎಷ್ಟಿವೆ, ಗೋಮಾಳ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿದವರು ಯಾರಾದರೂ ಇದ್ದಾರೆಯೇ?

‘ಶಾಲೆ ಐದು ಕಿಲೋಮೀಟರ್ ಒಳಗೇ ಇದೆ, ನಿಯಮ ಮೀರಿಲ್ಲ’ ಎಂಬುದು ಅಂದು ಕೇಳಿಬಂದ ಇನ್ನೊಂದು ಮಾತು. 2009ರಲ್ಲಿ ಮಾಧ್ಯಮಿಕ ಶಿಕ್ಷಣ ಅಭಿಯಾನ ಬಂದಾಗ ಐದು ಕಿಲೋಮೀಟರ್ ಒಳಗೊಂದು ಪ್ರೌಢಶಾಲೆ ಇರಬೇಕು ಎಂದು ಗುರಿ ಇಟ್ಟುಕೊಂಡದ್ದು ಶಾಲೆಯೇ ಇಲ್ಲದ ಕಡೆ ಶಾಲೆ ತರಲಿಕ್ಕೆ. ಊರ ನಡುವೆ ನಡೆಯುತ್ತಿರುವ ಶಾಲೆಯನ್ನು ಊರಾಚೆಗೆ ನೂಕಲಿಕ್ಕೆ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿಯವರೆಗೆ, 14 ವರ್ಷದವರೆಗೆ. ಒಂಬತ್ತನೆಯದಕ್ಕೆ ಕಾಲಿಟ್ಟ ಹುಡುಗಿಯನ್ನು ಕಾಯುವ ಕಾನೂನಿಲ್ಲ. ಕಾಯುವುದು ತಾಯಿ ಒಬ್ಬಳೇ. ದಾರಿ ದೂರವಾದರೆ, ಸಂಜೆ ಕತ್ತಲಾದರೆ, ಮನೆಯಲ್ಲಿ ಮೊದಲು ಬರುವ ಮಾತು ‘ಓದಿದ್ದು ಸಾಕು’ ಎಂದು. ನಮ್ಮ ಬೀದಿಯಲ್ಲೇ ಹಾಗೆ ಬಿಡಿಸಿದ ಹುಡುಗಿಯರಿದ್ದಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಮಾಡುತ್ತಾರೆ. ಅದು ಮುಗಿದ ಮೇಲೆ ಕೋಡಿ ಹಳ್ಳ ದಾಟಿ, ಲಾರಿಗಳು ಓಡಾಡುವ ಹೆದ್ದಾರಿ ದಾಟಿ ಮಕ್ಕಳು ಮನೆ ಸೇರಬೇಕೇ? ಅಲ್ಲಿ ಬಸ್ ನಿಲ್ಲುವುದಿಲ್ಲ. ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ನನ್ನ ಮಗಳ ತರಗತಿಗೆ ಒಂದು ಸೈಕಲ್ಲೂ ಬರಲಿಲ್ಲ.

ಬೆಂಕಿ ಅನಾಹುತವಾದರೆ ಅಗ್ನಿಶಾಮಕ ವಾಹನ ಯಾವ ದಾರಿಯಲ್ಲಿ ಬರುತ್ತದೆ? ಕುಂಭಕೋಣದ ಶಾಲೆಯಲ್ಲಿ 2004ರಲ್ಲಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಹಿನ್ನೆಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಸುರಕ್ಷಿತ ಶಾಲೆಯೂ ಮಗುವಿನ ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತು. ಎತ್ತಿನ ಗಾಡಿ ಹೋಗಲೂ ಒದ್ದಾಡುವ ದಾರಿಯ ತುದಿಯಲ್ಲಿ ಶಾಲೆ ಕಟ್ಟುವವರು ಆ ತೀರ್ಪನ್ನು ಓದಿದ್ದಾರೆಯೇ?

ಒಳ್ಳೆಯ ಗೋಮಾಳ ನಮ್ಮ ಊರಿನಲ್ಲಿ ಇರಲಿಲ್ಲವೆಂದಲ್ಲ. ರಸ್ತೆ ಬದಿಯಲ್ಲೇ ಇತ್ತು. ನಾನು ಮದುವೆಯಾಗಿ ಬಂದಾಗ ಅಲ್ಲಿ ದನ ಮೇಯುತ್ತಿದ್ದವು. ಈಗ ಅಲ್ಲಿ ತಂತಿಬೇಲಿ, ಅಡಿಕೆ, ಕೊಳವೆಬಾವಿ, ಬೀಗ ಹಾಕಿದ ಗೇಟು. ಗ್ರಾಮಗಳ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿಸಬೇಕು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಕಂದಾಯ ಇಲಾಖೆಯವರು ಆ ಗೇಟಿನ ಮುಂದೆಯೇ ದಿನವೂ ಓಡಾಡುತ್ತಾರೆ. ಬಗರ್ ಹುಕುಂನಲ್ಲಿ, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ನೆಲದಲ್ಲಿ, ಗುಂಟೆಗಳ ಲೆಕ್ಕದಲ್ಲಿ ಉಳುಮೆ ಮಾಡುತ್ತಿರುವ ಬಡವರು ಸಕ್ರಮ ಕೋರಿ ಕೊಟ್ಟ ನಮೂನೆ 57ರ ಅರ್ಜಿಗೆ ನೂರೆಂಟು ತಕರಾರು ತೆಗೆಯುವವರಿಗೆ ಆ ಬೇಲಿ ಕಾಣುವುದೇ ಇಲ್ಲ.

ಹೇಳುತ್ತಾ ಹೋದರೆ ಇದೊಂದೇ ಅಲ್ಲ. ನಮ್ಮ ಮಾವನವರು ಪೋಡಿಗೆ, ಅಂದರೆ ಜಮೀನು ಅಳೆದು ಪಾಲು ಬೇರೆ ಮಾಡಿಕೊಡಿ ಎಂದು, ಅರ್ಜಿ ಕೊಟ್ಟು ತೀರಿಕೊಂಡರು, ಪೋಡಿ ಇನ್ನೂ ಆಗಿಲ್ಲ. ಕೇಳಲು ಹೋದರೆ ಒಮ್ಮೆ ಭೂಮಾಪಕರಿಲ್ಲ, ಇನ್ನೊಮ್ಮೆ ಸರ್ವರ್ ಇಲ್ಲ, ಮತ್ತೊಮ್ಮೆ ಹಳೆಯ ಟಿಪ್ಪಣಿಯೇ ಸಿಗುತ್ತಿಲ್ಲ. ಈ ಜಾಗದ ನಕ್ಷೆ ಕೊಡಿ ಎಂದು ಮೊನ್ನೆ ಕೇಳಿದಾಗಲೂ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂದು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಸೋಮವಾರ ಬನ್ನಿ ಎಂದರು. ಪ್ರೌಢಶಾಲೆ ಮಂಜೂರಾದಂದಿನಿಂದ ಪ್ರಾಥಮಿಕ ಶಾಲೆಯ ಕೊಠಡಿಗಳಲ್ಲೇ ನಡೆಯುತ್ತಿದೆ. ಹತ್ತನೇ ತರಗತಿಯ ಪಾಠ ನಡೆಯುವಾಗ ತಡಿಕೆಯ ಆಚೆ ಮೂರನೇ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿರುತ್ತಾರೆ. ವಿಜ್ಞಾನದ ಉಪಕರಣಗಳು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಪೆಟ್ಟಿಗೆ ಒಡೆಯದೆ ಕೂತಿವೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ನನ್ನ ಮಗಳು ಬೆಳಿಗ್ಗೆಯಿಂದ ನೀರು ಕುಡಿಯದೆ ಇದ್ದು ಸಂಜೆ ತಲೆನೋವು ಎನ್ನುತ್ತಾಳೆ. ಶಾಲೆಯ ಆಟದ ಮೈದಾನದ ಒಂದು ಭಾಗ ರಸ್ತೆ ಅಗಲೀಕರಣಕ್ಕೆ ಹೋಯಿತು, ಇನ್ನೊಂದು ಭಾಗದಲ್ಲಿ ಯಾವುದೋ ಇಲಾಖೆಯ ಗೋದಾಮು ಎದ್ದಿತು. ಅಂದು ಆ ಕಾಗದಗಳಿಗೆ ಸಹಿ ಹಾಕಿದವರೆಲ್ಲ ಬಡ್ತಿ ಪಡೆದು ಹೋದರು. ಊರ ನಡುವೆ ಇದ್ದ ಜಾಗವನ್ನು ಹೀಗೆ ಕಳೆದವರೇ ಇಂದು ‘ಊರೊಳಗೆ ಜಾಗವಿಲ್ಲ’ ಎನ್ನುತ್ತಿದ್ದಾರೆ.

ನಮಗೆ ಶಾಲೆ ಬೇಡವೆಂದು ಯಾರೂ ತಿರುಚಬಾರದು. ಬೇಕು, ಬೇಗ ಬೇಕು. ಆದರೆ ಈ ಜಾಗವನ್ನು ಕೈಬಿಡಬೇಕು. ರಸ್ತೆ ಬದಿಯ ಖುಷ್ಕಿ ಜಮೀನಿನವರ ಜೊತೆ ಕೂತು ಮಾತನಾಡಬೇಕು, ಅಥವಾ ಗೋಮಾಳದ ಒತ್ತುವರಿ ಬಿಡಿಸಿ ಅಲ್ಲೇ ಕಟ್ಟಬೇಕು. ಎರಡೂ ಆಗುವುದಿಲ್ಲ ಎನ್ನುವುದಾದರೆ ಮೊದಲು ಸೇತುವೆ, ರಸ್ತೆ, ಬಸ್ ಆಗಲಿ, ಅಡಿಗಲ್ಲಿನ ಮಾತು ಆಮೇಲೆ. ಅಲ್ಲಿಯವರೆಗೆ ಇರುವ ಶಾಲೆಯ ಶೌಚಾಲಯಕ್ಕೆ ನೀರು ಬಿಡಿಸಲಿ. ಹಾಜರಿಯ ಹಾಳೆಯನ್ನು ಒಪ್ಪಿಗೆ ಪತ್ರ ಮಾಡಿದವರು ಯಾರೆಂದು ವಿಚಾರಣೆ ನಡೆಯಲಿ, ಆ ಸಹಿಗಳನ್ನು ರದ್ದು ಮಾಡಲಿ.

ಜಿಲ್ಲಾಧಿಕಾರಿಗಳು ಒಮ್ಮೆ ಬಂದು ನೋಡಲಿ. ಬರುವಾಗ ಜೊತೆಯವರನ್ನೆಲ್ಲ ಹೆದ್ದಾರಿಯಿಂದ ಆ ಜಾಗದವರೆಗೆ ಶಾಲೆಯ ಚೀಲದಷ್ಟು ಭಾರ ಹೊರಿಸಿ ನಡೆಸಿಕೊಂಡು ಬರಲಿ. ನಮ್ಮ ಜನಪ್ರತಿನಿಧಿಗಳಿಗೂ ಒಂದು ಮಾತು: ಮತ ಕೇಳಲು ಇದೇ ಕೇರಿಗಳಲ್ಲಿ ಮನೆ ಮನೆ ಹತ್ತಿ ಇಳಿದವರು ಈಗ ಎಲ್ಲಿದ್ದೀರಿ? ಅಡಿಗಲ್ಲು ಹಾಕಲು ದಿನ ಗೊತ್ತುಮಾಡುವ ಮುಂಚೆ ನಮ್ಮನ್ನು ಕರೆದು ಕೇಳುವಷ್ಟು ಮರ್ಯಾದೆಯೂ ನಿಮಗೆ ಇಲ್ಲವೇ? ಈ ಅಧಿಕಾರಿಗಳಲ್ಲಿ ಒಬ್ಬರ ಮಗುವಾದರೂ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ ಆ ಜೊಂಡಿನ ನೆಲಕ್ಕೆ ‘ಸೂಕ್ತ’ ಎಂದು ಬರೆಯಲು ಕೈ ಬರುತ್ತಿತ್ತೇ? ನಾಚಿಕೆಯಾಗಬೇಕು.

– ಪ್ರೌಢಶಾಲಾ ವಿದ್ಯಾರ್ಥಿನಿಯೊಬ್ಬಳ ತಾಯಿ