ಗುಡಿಸಿನ ದೀರ್ಘಕ್ಕೊಂದು ನಮಸ್ಕಾರ

ನಿನ್ನೆ ಸಂಜೆ ನಮ್ಮೂರ ಲೈಬ್ರರಿಯ 31 ಕಪಾಟುಗಳ ಮುಂದೆ ಒಂದೊಂದಾಗಿ ನಿಂತು, ಬಾಗಿಲಿಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದೆ. ಮೊಬೈಲಿನಲ್ಲಿ ಎಲ್ಲದರ ಪುಸ್ತಕಪಟ್ಟಿಯೂ ತೆರೆದುಕೊಂಡಿತು. ಕೊನೆಯ ಕಪಾಟು 'ವಿನೋದ'. ಅದೂ ತೆರೆದಾಗ ಲೈಬ್ರೇರಿಯನ್ ಮೇಡಂ ಕನ್ನಡಕದ ಮೇಲಿಂದ ನೋಡಿ, "ಆಯ್ತಾ? ಇನ್ನು ಬೀಗ ಹಾಕ್ಲಾ?" ಅಂದರು. ಆಯ್ತು ಮೇಡಂ. ಈ ಬರಹ ಆ ಖುಷಿಗೆ, ಮತ್ತು ಈ ಗೋಜಲು ಬಿಡಿಸಲು ಕೈಜೋಡಿಸಿದವರಿಗೆ.

ಕಥೆ ಶುರುವಾದದ್ದು ರಾಜ್ಯೋತ್ಸವದ ದಿನ. ಲೈಬ್ರರಿಯ ಪುಸ್ತಕಪಟ್ಟಿಯನ್ನು ವೆಬ್‌ಗೆ ತರುತ್ತೇನೆಂದು ನಾನೇ ಮುಂದೆ ಬಿದ್ದು ಒಪ್ಪಿಕೊಂಡಿದ್ದೆ. ವ್ಯೂ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ ಬರೆದ ಸಿಂಗಲ್ ಪೇಜ್ ಆ್ಯಪ್. ಪ್ರತಿ ಕಪಾಟಿಗೂ ಅದರದೇ ವಿಳಾಸ, ಅದೂ ಕನ್ನಡದಲ್ಲೇ ಇರಬೇಕೆಂದು ನನ್ನ ಹಟ. ಲ್ಯಾಪ್‌ಟಾಪಿನಲ್ಲಿ ಎಲ್ಲ ಬೆಣ್ಣೆಯಂತೆ ನಡೆಯುತ್ತಿತ್ತು. ಬಾವುಟ ಹಾರಿತು, ನಾಡಗೀತೆ ಮುಗಿಯಿತು, ಅತಿಥಿಗಳು ಮೊಬೈಲ್ ತೆಗೆದು 'ನಾಟಕ'ದ ಚೀಟಿ ಸ್ಕ್ಯಾನ್ ಮಾಡಿದರು. 404, ಅಂದರೆ 'ಪುಟ ಸಿಗಲಿಲ್ಲ'.

ಇಂಥ ಆ್ಯಪ್‌ನಲ್ಲಿ ನಿಜವಾಗಿ ಇರುವುದು ಒಂದೇ ಪುಟ. ಒಳಗೆ ಲಿಂಕ್ ಒತ್ತಿದಾಗ ವಿಳಾಸಪಟ್ಟಿಯ ಅಕ್ಷರ ಬದಲಾಗುತ್ತದೆ, ಪರದೆಯೂ ಬದಲಾಗುತ್ತದೆ, ಆದರೆ ಆ ಪುಟ ಕೊಡು ಎಂದು ಯಾರೂ ಸರ್ವರನ್ನು ಕೇಳಿರುವುದಿಲ್ಲ. ಎಲ್ಲ ಬ್ರೌಸರ್‌ನ ಹಿಸ್ಟರಿ ಎಪಿಐ (ಹೊಸ ಪುಟ ತರಿಸದೆಯೇ ವಿಳಾಸವನ್ನೂ ನೋಡಿದ ಪುಟಗಳ ಪಟ್ಟಿಯನ್ನೂ ಬದಲಿಸುವ ಸೌಲಭ್ಯ) ಕೈಚಳಕ. ಚೀಟಿ ಸ್ಕ್ಯಾನ್ ಮಾಡಿದವರು ಮಾತ್ರ ನೇರವಾಗಿ ಸರ್ವರಿಗೇ ಹೋಗಿ 'ನಾಟಕ ಕೊಡು' ಅನ್ನುತ್ತಾರೆ. ಅದು ಡಿಸ್ಕ್ ತಡಕಾಡಿ, ಆ ಹೆಸರಿನ ಫೈಲೇ ಇಲ್ಲ ಅನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ವೀಟ್ ಎಂಬ ಉಪಕರಣದ ಡೆವ್ ಸರ್ವರ್ (ಆ್ಯಪ್ ಬರೆಯುವಾಗ ಪರೀಕ್ಷೆಗೆ ಓಡಿಸುವ ಸರ್ವರ್) ಈ ಕೊರತೆಯನ್ನು ಸದ್ದಿಲ್ಲದೆ ತುಂಬಿಕೊಡುತ್ತಿತ್ತು, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ.

ಹಬ್ಬದ ದಿನ ಊಟ ಬಿಟ್ಟು ಫೋನಿನಲ್ಲಿ ಕೂತ ಹಳೇ ರೂಮ್‌ಮೇಟ್‌ಗೆ ಮೊದಲ ಥ್ಯಾಂಕ್ಸ್. ಎಂಜಿನ್‌ಎಕ್ಸ್ ಎಂಬ ನಮ್ಮ ವೆಬ್ ಸರ್ವರ್‌ನ ಕಾನ್ಫಿಗ್‌ನಲ್ಲಿ ಟ್ರೈ ಫೈಲ್ಸ್ ಎಂಬ ಒಂದು ಸಾಲು: ಕೇಳಿದ ಫೈಲ್ ಇದ್ದರೆ ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಪುಟವನ್ನೇ ಕೊಟ್ಟು ಸುಮ್ಮನಿರು, ಉಳಿದದ್ದನ್ನು ಆ್ಯಪ್ ಒಳಗಿನ ರೌಟರ್ (ವಿಳಾಸ ನೋಡಿ ಯಾವ ಪರದೆ ಎಂದು ಆರಿಸುವ ಭಾಗ) ನೋಡಿಕೊಳ್ಳುತ್ತದೆ. ಅದೇ ಸಾಲು ವ್ಯೂ ರೌಟರ್ ದಾಖಲೆಯಲ್ಲೂ ಇದೆ, ಅಪಾಚೆ ಎಂಬ ಇನ್ನೊಂದು ಸರ್ವರ್ ಬಳಸುವವರಿಗೆ ಬೇಕಾದದ್ದೂ ಪಕ್ಕದಲ್ಲೇ ಇದೆ. ಕೂಲಿಯಿಲ್ಲದೆ ಇಂಥ ದಾಖಲೆ ಬರೆದಿಡುವ ಪುಣ್ಯಾತ್ಮರಿಗೂ ಶರಣು. ಓದದೆ ಹೋದದ್ದು ನನ್ನ ತಪ್ಪು. ವಿಳಾಸದಲ್ಲಿ ಹ್ಯಾಶ್ ಚಿಹ್ನೆ ಹಾಕಿದ್ದರೆ ಈ ತಾಪತ್ರಯವೇ ಇರಲಿಲ್ಲ, ಹ್ಯಾಶ್‌ನ ಆಚೆಗಿನದು ಸರ್ವರ್ ತನಕ ಹೋಗುವುದೇ ಇಲ್ಲ ಎಂದು ಆಮೇಲೆ ಹಲವರು ಹೇಳಿದರು. ನಿಜ. ಆದರೆ ಅಷ್ಟರಲ್ಲಿ ಚೀಟಿಗಳು ಪ್ರಿಂಟ್ ಆಗಿ, ಮೈದಾ ಅಂಟಿನಲ್ಲಿ ಕಪಾಟಿಗೆ ಕಚ್ಚಿಕೊಂಡಿದ್ದವು.

ಸಾಲು ಹಾಕಿದ ಮೇಲೆ 404 ಹೋಗಿ ಬಿಳಿ ಹಾಳೆ ಬಂತು. ಸ್ಕ್ರಿಪ್ಟ್‌ಗಳ ದಾರಿಯನ್ನು ನಾನು ಚುಕ್ಕಿಯಿಂದ ಶುರುಮಾಡಿ ಬರೆದಿದ್ದೆ, ಹಾಗಾಗಿ ಕಪಾಟಿನ ವಿಳಾಸಕ್ಕೆ ನೇರ ಬಂದರೆ ಬ್ರೌಸರ್ ಅವನ್ನು ಕಪಾಟಿನೊಳಗೇ ಹುಡುಕುತ್ತಿತ್ತು. ಹೊಸ ಸಾಲಿನ ಕೃಪೆಯಿಂದ ಸರ್ವರ್ ಅದಕ್ಕೂ ಇಂಡೆಕ್ಸ್ ಪುಟವನ್ನೇ ಕೊಡುತ್ತಿತ್ತು. ಬ್ರೌಸರ್ ಕೇಳಿದ್ದು ಜಾವಾಸ್ಕ್ರಿಪ್ಟ್, ಬಂದದ್ದು ಎಚ್‌ಟಿಎಂಎಲ್. ಚುಕ್ಕಿ ಅಳಿಸಿ ಓರೆಗೆರೆಯಿಂದ ಶುರುಮಾಡಿದೆ, ಹೋಯಿತು.

ಇಷ್ಟಾದರೂ ಒಂಬತ್ತು ಕಪಾಟುಗಳು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಕಾದಂಬರಿ ತೆರೆಯುತ್ತದೆ, ಕವನ ತೆರೆಯುತ್ತದೆ, ಜಾನಪದ ತೆರೆಯುತ್ತದೆ. ಜೀವನಚರಿತ್ರೆ ಇಲ್ಲ, ವಿನೋದ ಇಲ್ಲ, ವೇದಾಂತ ಇಲ್ಲ, ವೈದ್ಯಕೀಯ ಇಲ್ಲ. ಆ್ಯಪ್ ಒಳಗಿನಿಂದ ಹೋದರೆ ಅವೂ ಸರಿಯಾಗೇ ಇವೆ. ಎರಡು ವಾರ ಒದ್ದಾಡಿದೆ. ಕ್ಯಾಶ್ ಅಳಿಸಿದೆ, ರೌಟರ್‌ನ ಆವೃತ್ತಿ ಬದಲಿಸಿದೆ, ಹೆಸರು ಉದ್ದವಾದದ್ದಕ್ಕೆ ಹೀಗೋ ಎಂದು ಕೂಡ ಯೋಚಿಸಿದೆ. ('ಕಾದಂಬರಿ'ಗಿಂತ 'ವಿನೋದ' ಹೇಗೆ ಉದ್ದವಾದೀತು ಎಂದು ಕೇಳಬೇಡಿ. ನಡುರಾತ್ರಿಯಲ್ಲಿ ಮನುಷ್ಯ ಏನು ಬೇಕಾದರೂ ನಂಬುತ್ತಾನೆ.)

ಭಾನುವಾರ ಕೆಟ್ಟ ಕಪಾಟುಗಳ ಪಟ್ಟಿಯನ್ನು ಹಾಳೆಯ ಮೇಲೆ ಬರೆದು ಲೈಬ್ರರಿಯ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಪೇಪರ್ ಓದಲು ಬರುವ ನಿವೃತ್ತ ಕನ್ನಡ ಮೇಷ್ಟ್ರು ಇಣುಕಿ ನೋಡಿದರು. ಕಂಪ್ಯೂಟರಿನ ಗಂಧಗಾಳಿ ಅವರಿಗಿಲ್ಲ. ಹಾಳೆಯ ಮೇಲೆ ಬೆರಳಾಡಿಸುತ್ತ ಮಗ್ಗಿ ಹೇಳಿದಂತೆ ಹೇಳಿದರು: "ಜೀ, ಗುಡಿಸಿನ ದೀರ್ಘ. ನೋ, ಒತ್ವದ ದೀರ್ಘ. ವೇ, ಎತ್ವದ ದೀರ್ಘ. ಕೀ, ಮತ್ತೆ ಗುಡಿಸಿನ ದೀರ್ಘ. ಎಲ್ಲದಕ್ಕೂ ದೀರ್ಘ ಇದೆಯಲ್ಲಯ್ಯಾ."

ನಾನು ಜಾಣತನ ತೋರಿಸಿದೆ: "ಸಾರ್, ನಾಟಕದಲ್ಲೂ ಇದೆ, ಅದು ತೆರೆಯುತ್ತೆ."

"ನಾ ಅನ್ನೋದು ದೀರ್ಘ ಅಲ್ಲ, ಇಳಿ. ಕಾಗುಣಿತ ಮರ್ತ್ಯಾ?"

ಆ ಕ್ಷಣಕ್ಕೆ ಮೈ ಜುಮ್ಮೆಂದಿತು. ಉಚ್ಚಾರದಲ್ಲಿ ಎಲ್ಲ ದೀರ್ಘವೇ, ಆದರೆ ಬರೆಯುವ ಚಿಹ್ನೆಗೆ ಶಾಲೆಯಲ್ಲಿ ಕಲಿಸುವ ಹೆಸರು ಬೇರೆ ಬೇರೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲೂ ಹಾಗೆಯೇ! 'ಕಾ'ದ ಇಳಿ ಒಡೆಯಲಾಗದ ಒಂದೇ ಸಂಕೇತ. 'ಕೀ'ಯ ಚಿಹ್ನೆಯನ್ನು ಮಾತ್ರ ಎರಡು ಬಗೆಯಲ್ಲಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತ, ಇಲ್ಲವೇ ಗುಡಿಸು ಒಂದು, ದೀರ್ಘ ಇನ್ನೊಂದು. ಆ ದೀರ್ಘಕ್ಕೆಂದೇ ಯೂನಿಕೋಡ್‌ನಲ್ಲಿ ಕನ್ನಡ ಲೆಂತ್ ಮಾರ್ಕ್ ಎಂಬ ಪ್ರತ್ಯೇಕ ಸ್ಥಾನವಿದೆ. 'ಕೋ'ವಿನ ಚಿಹ್ನೆ ಒಡೆದರೆ ಮೂರು ತುಂಡು: ಎತ್ವ, ಕೊಂಬಿನಿಳಿ, ದೀರ್ಘ. ಕಣ್ಣಿಗೆ ಎರಡೂ ಬಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಪದ.

ಕ್ಯೂಆರ್ ಚೀಟಿಗಳನ್ನು ನಾನು ತಯಾರಿಸಿದ್ದು ಮನೆಯ ಹಳೇ ಮ್ಯಾಕ್‌ನಲ್ಲಿ, ಅಲ್ಲಿದ್ದ ಫೈಲ್‌ಗಳ ಹೆಸರು ಓದಿ. ಆ ಕಾಲದ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಟ್ಟುಕೊಳ್ಳುತ್ತದೆ. ಆ್ಯಪ್‌ನಲ್ಲಿದ್ದ ಹೆಸರುಗಳು ನಾನು ಕೀಲಿಮಣೆಯಲ್ಲಿ ಕುಟ್ಟಿದವು, ಇಡಿಯಾದವು. ಓಡಿಹೋಗಿ 'ವಿನೋದ' ಪದದ ಉದ್ದ ಅಳೆದೆ. ಆ್ಯಪ್‌ನಲ್ಲಿ 5, ಚೀಟಿಯಲ್ಲಿ 7. ವಿಳಾಸದಲ್ಲಿ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳ ಒಂಬತ್ತು ಅಕ್ಷರಗಳಾಗಿ ಹೊರಡುತ್ತದೆ, ಅಂದರೆ 45 ಇರಬೇಕಾದಲ್ಲಿ 63. ಎರಡು ವಾರ ಆ ಸಾಲನ್ನು ದಿಟ್ಟಿಸಿದ್ದೆ, ಎಣಿಸಿರಲಿಲ್ಲ.

ಪರಿಹಾರ ಒಂದೇ ಸಾಲು. ವಿಳಾಸದಿಂದ ಬಂದ ಹೆಸರು, ಪಟ್ಟಿಯ ಹೆಸರು ಎರಡನ್ನೂ ಹೋಲಿಸುವ ಮುಂಚೆ ನಾರ್ಮಲೈಸ್ ಮಾಡಿ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಡಿಯಾದ ಸಂಕೇತಗಳಿಗೆ, ತರುವುದು. ಒಂದು ಚೀಟಿಯನ್ನೂ ಕೀಳಬೇಕಾಗಲಿಲ್ಲ. ಮೇಷ್ಟ್ರೇ, ನಿಮ್ಮ ಋಣ ದೊಡ್ಡದು. ಬೈಟು ಕಾಫಿಯಲ್ಲಿ ತೀರುವಂಥದ್ದಲ್ಲ, ಆದರೂ ಕಾಫಿ ನನ್ನದೇ.

ಏಳನೇ ಕ್ಲಾಸಿನ ಆ ಹುಡುಗಿಗೂ ಥ್ಯಾಂಕ್ಸ್. "ಅಂಕಲ್, ಹಿಂದಕ್ಕೆ ಒತ್ತಿದ್ರೆ ಪುಟ ಹೋಗಲ್ಲ, ನಾನು ಹುಡುಕಿದ್ದ ಹೆಸರಿನ ಒಂದೊಂದೇ ಅಕ್ಷರ ಅಳಿಸ್ತಾ ಹೋಗುತ್ತೆ" ಎಂದು ದೂರು ತಂದವಳು ಅವಳೇ. ಒತ್ತಿದ ಪ್ರತಿ ಕೀಲಿಯನ್ನೂ ನಾನು ಹಿಸ್ಟರಿಗೆ ಹೊಸ ನಮೂದಾಗಿ ಪುಶ್ ಮಾಡುತ್ತಿದ್ದೆ. ಈಗ ಹೊಸದು ಸೇರಿಸದೆ ಇದ್ದುದನ್ನೇ ರಿಪ್ಲೇಸ್ ಮಾಡುತ್ತೇನೆ.

ಲೈಬ್ರೇರಿಯನ್ ಮೇಡಂ ಈ ಮೂರು ವಾರ ಒಂದು ಮಾತು ಆಡಲಿಲ್ಲ. ಕೆಟ್ಟ ಚೀಟಿಗಳ ಪಕ್ಕ ಪೆನ್ಸಿಲಿನಲ್ಲಿ 'ರಿಪೇರಿಯಲ್ಲಿದೆ' ಎಂದು ಬರೆದು, ಬಂದವರಿಗೆ ತಾವೇ ಪುಸ್ತಕ ಹುಡುಕಿ ಕೊಟ್ಟರು.

ಒಂದು ಕೆಲಸ ಉಳಿದಿತ್ತು. ಈಗ ಸರ್ವರ್ ಯಾವ ತಪ್ಪು ವಿಳಾಸಕ್ಕೂ ಇಲ್ಲ ಅನ್ನುವುದಿಲ್ಲ, ಎಲ್ಲಕ್ಕೂ ಇಂಡೆಕ್ಸ್ ಪುಟ ಕೊಡುತ್ತದೆ. ಹಾಗಾಗಿ ಇಲ್ಲ ಎಂದು ಹೇಳುವ ಪುಟವನ್ನು ರೌಟರ್‌ನ ಕೊನೆಯಲ್ಲಿ ನಾವೇ ಇಡಬೇಕು. 'ಕ್ಷಮಿಸಿ, ನೀವು ವಿನಂತಿಸಿದ ಪುಟವು ಕಂಡುಬಂದಿಲ್ಲ' ಎಂದು ಬರೆದು ಮೇಷ್ಟ್ರಿಗೆ ತೋರಿಸಿದೆ. ಅವರು ಪೆನ್ನು ತೆಗೆದು ಅಡ್ಡಗೀಟು ಎಳೆದು ಬರೆದದ್ದೇ ಈಗ ಅಲ್ಲಿದೆ: 'ಈ ಕಪಾಟು ನಮ್ಮಲ್ಲಿಲ್ಲ. ಮೇಜಿನ ಹತ್ತಿರ ಕೇಳಿ.'